ಗಾಳ ಹಾಕಲು ನೀರಿಗೇಕೆ ಇಳಿಯಬೇಕು?

ಬೇಸಿಗೆ ರಜೆ ಬಂತೆಂದರೆ ನಮ್ಮಂಥ ಹಳ್ಳಿ ಕಡೆಯ ವರದಿಗಾರರು ಕಳಿಸುವ ಸುದ್ದಿಗಳಲ್ಲಿ ಒಂದು ತಪ್ಪುವುದೇ ಇಲ್ಲ: ಕೆರೆಯಲ್ಲಿ ಮುಳುಗಿ ಬಾಲಕ ಸಾವು. ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ, ಅಷ್ಟೇ. ಈಜಲು ಹೋದವರು, ಎಮ್ಮೆ ತೊಳೆಯಲು ಹೋದವರು, ಗಾಳ ಹಾಕಲು ಹೋದವರು. ಮೊದಲಿನ ಎರಡರ ಮಾತು ಇನ್ನೊಮ್ಮೆ ಆಡೋಣ. ಗಾಳ ಹಾಕುವವರು ನೀರಿಗೆ ಇಳಿಯುವ ಅಗತ್ಯವೇ ಇಲ್ಲ ಎನ್ನುವುದು ನಮ್ಮ ವಾದ.

ಹುಡುಗರು ಯಾಕೆ ಇಳಿಯುತ್ತಾರೆ? ಬಿಸಿಲೇರಿದರೆ ಮೀನು ಆಳ ಹುಡುಕುತ್ತದೆ. ಹುಡುಗರ ಬೆಂಡೋ ತಂಗೂಸಿಗೆ ಬಿಗಿದು ಕಟ್ಟಿದ್ದು. ಎಂಟು ಅಡಿ ಆಳಕ್ಕೆ ಗಾಳ ಬಿಡಬೇಕೆಂದರೆ ಬೆಂಡಿನ ಕೆಳಗೆ ಎಂಟು ಅಡಿ ದಾರ ಜೋತಾಡುತ್ತದೆ. ಬೀಸಿದರೆ ಹಿಂದಿನ ಜಾಲಿ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೊಣಕಾಲು, ಆಮೇಲೆ ಸೊಂಟ ಅಂತ ನೀರೊಳಗೆ ನಡೆಯುತ್ತಾರೆ. ಮಣ್ಣಿಗಾಗಿ ಜೆಸಿಬಿ ತೋಡಿದ ಗುಂಡಿ ನೀರು ತುಂಬಿದ ಮೇಲೆ ಕಾಣುತ್ತದೆಯೇ? ಒಂದು ಹೆಜ್ಜೆ ಸೊಂಟದಷ್ಟು, ಮುಂದಿನದು ಎರಡಾಳು.

ಜಾರುವ ಬೆಂಡಾದರೆ ಈ ತಾಪತ್ರಯ ಇಲ್ಲ. ಹಳೇ ಹವಾಯಿ ಚಪ್ಪಲಿಯ ತುಂಡಿಗೆ ತೂತು ಮಾಡಿ, ಖಾಲಿ ರೀಫಿಲ್ಲಿನ ಕೊಳವೆ ತೂರಿಸಿದರೆ ಬೆಂಡು ಸಿದ್ಧ. ದಾರ ಅದರೊಳಗೆ ಸಲೀಸಾಗಿ ಓಡುತ್ತದೆ. ಕೆಳಗಿನಿಂದ ಗಾಳ, ಸೀಸ, ಬೆಂಡು, ಒಂದು ಸಣ್ಣ ಮಣಿ, ಅದರ ಮೇಲೆ ತಡೆಗಂಟು. ಎಸೆಯುವಾಗ ಬೆಂಡು ಸೀಸದ ಪಕ್ಕದಲ್ಲೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ಸೀಸ ದಾರವನ್ನು ಎಳೆದುಕೊಂಡು ಇಳಿಯುತ್ತದೆ. ಗಂಟು ಬಂದು ಮಣಿಗೆ ತಾಗಿದಲ್ಲಿಗೆ ನಿಲ್ಲುತ್ತದೆ. ಮಣಿ ಬಿಡಬೇಡಿ. ಅದಿಲ್ಲದಿದ್ದರೆ ಗಂಟು ಕೊಳವೆಯೊಳಗೇ ನುಗ್ಗಿಬಿಡುತ್ತದೆ.

ಪೇಟೆಯಲ್ಲಿ ರಬ್ಬರಿನ ತಡೆ ಸಿಗುತ್ತದೆ. ನಮಗೆ ಅದು ಅಷ್ಟಾಗಿ ಹಿಡಿಸಿಲ್ಲ. ಬಿಸಿಲಿಗೆ ಒಣಗಿ ಬಿರಿಯುತ್ತದೆ, ಬದಲಿಸಬೇಕೆಂದರೆ ಗಾಳ ಕತ್ತರಿಸಿ ಮತ್ತೆ ಕಟ್ಟಬೇಕು. ದಾರದ ಗಂಟಿಗೆ ಆ ರಗಳೆ ಇಲ್ಲ, ಯಾವಾಗ ಬೇಕಾದರೂ ಹಾಕಬಹುದು. ಒಂದು ಗೇಣು ದಪ್ಪ ಹೊಲಿಗೆ ದಾರ ತೆಗೆದುಕೊಳ್ಳಿ. (ತಂಗೂಸಿ ತುಂಡು ಬೇಡ, ಅದು ಜಾರುತ್ತದೆ.) ತಂಗೂಸಿಯ ಉದ್ದಕ್ಕೆ ಇಟ್ಟು, ಒಂದು ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿ. ಅದೇ ತುದಿಯನ್ನು ಕುಣಿಕೆಯೊಳಗಿಂದ ತಂಗೂಸಿಯನ್ನೂ ಸೇರಿಸಿ ಐದು ಸುತ್ತು ಸುತ್ತಿ. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ತುದಿ ನಿಧಾನಕ್ಕೆ ಎಳೆಯಿರಿ. ಒಣಗಂಟು ಉಜ್ಜಿದರೆ ತಂಗೂಸಿ ಸವೆಯುತ್ತದೆ. ತುದಿಗಳನ್ನು ಬುಡಕ್ಕೇ ಕತ್ತರಿಸದೆ ಅರ್ಧ ಇಂಚು ಉಳಿಸಿ.

ರೀಲು, ರಾಡು ಇಲ್ಲವೇ? ಬಾಟಲಿಗೆ ಸುತ್ತಿದ ದಾರವೇ ಸಾಕು. ಬೆಂಡು ಅಡ್ಡ ಮಲಗಿದರೆ ಸೀಸ ನೆಲಕ್ಕೆ ಕೂತಿದೆ ಎಂದು ಅರ್ಥ. ಗಂಟನ್ನು ಒದ್ದೆ ಮಾಡಿ ಒಂದು ಗೇಣು ಬೆಂಡಿನ ಕಡೆ ಸರಿಸಿ. ಸೀಸ ತೀರಾ ಹಗುರವಾದರೂ ಬೆಂಡು ಮಲಗುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ದೊಡ್ಡವರಿಗೆ ಒಂದು ಮಾತು. ನಮ್ಮ ಕೆರೆಗಳಲ್ಲಿ ಆಳ ಇರುವುದು ಏರಿಯ ಪಕ್ಕದಲ್ಲೇ. ಜಾರುವ ಬೆಂಡಿದ್ದರೆ ಏರಿ ಮೇಲಿಂದಲೇ ಗಾಳ ಬಿಡಬಹುದು. ಆದರೆ ಮೀನು ಗುತ್ತಿಗೆ ಹಿಡಿದವರು ಅಲ್ಲಿಂದಲೇ ಹುಡುಗರನ್ನು ಗದರಿಸಿ ಓಡಿಸುತ್ತಾರೆ. ಓಡಿಸಿದ ಹುಡುಗರು ಮನೆಗೆ ಹೋಗುವುದಿಲ್ಲ ಸ್ವಾಮಿ, ಯಾರ ಕಣ್ಣಿಗೂ ಬೀಳದ ಗುಂಡಿಗಳ ಕಡೆಗೆ ಹೋಗುತ್ತಾರೆ. ದಿನಕ್ಕೆ ನಾಲ್ಕು ಜಿಲೇಬಿ ಮೀನು ಹೋದರೆ ಹೋಗಲಿ, ಅವರನ್ನು ಏರಿ ಮೇಲೆ, ಜನ ಓಡಾಡುವ ಜಾಗದಲ್ಲಿ ಕೂರಲು ಬಿಡಿ. ಈ ಸಲ ಗುತ್ತಿಗೆ ಮಾತು ಬಂದಾಗ ಊರಿನವರು ಇದನ್ನೂ ಕೇಳಿ.