ಕ್ಯಾಂಟನ್ ಮೇಳಕ್ಕೆ ಟಿಕೆಟ್ ಮಾಡುವ ಮೊದಲು

ನಮ್ಮ ಉಪ್ಪಳದ ಕಡೆ ಈಗ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೇಳುತ್ತಾರೆ: "ನೀನು ಚೀನಾಕ್ಕೆ ಹೋಗಿ ಬಂದವನಲ್ಲವಾ, ನಮ್ಮ ಹುಡುಗನಿಗೂ ಒಂದು ದಾರಿ ಹೇಳು." ಕೇಳುವವರಲ್ಲಿ ಹೆಚ್ಚಿನವರು ಗಲ್ಫ್‌ನಿಂದ ವಾಪಸು ಬಂದವರು, ಇಲ್ಲವೇ ಮಗ ಇನ್ನು ಗಲ್ಫ್‌ಗೆ ಹೋಗುವುದು ಬೇಡ, ಊರಲ್ಲೇ ಒಂದು ಅಂಗಡಿ ಹಾಕಲಿ ಎಂದು ಬಯಸುವವರು. ಕೈಯಲ್ಲಿ ಹತ್ತು ಹದಿನೈದು ಲಕ್ಷ ಇರುತ್ತದೆ. ಅದು ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಕೂಡಿಟ್ಟ ಹಣ.

ಅವರು ಕೇಳುವುದು ಮೂರೇ ಪ್ರಶ್ನೆ. ವಿಮಾನ ಯಾವುದು? ಹೋಟೆಲ್ ಎಲ್ಲಿ? ಹಲಾಲ್ ಊಟ ಸಿಗುತ್ತದಾ? ಮೂರಕ್ಕೂ ಉತ್ತರ ಇದೆ, ಕೆಳಗೆ ಬರೆದಿದ್ದೇನೆ. ಆದರೆ ತರುವ ಮಾಲಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಚೀನಾ ಪ್ರಯಾಣದ ಅರ್ಧ ಕೆಲಸ ಊರಲ್ಲೇ, ನಮ್ಮ ಅಂಗಡಿಯಲ್ಲೇ ಮುಗಿಯಬೇಕು. ಅದು ಮುಗಿಯದವರು ಹೋಗಬಾರದು. ಇದನ್ನು ಬುದ್ಧಿವಂತಿಕೆಯಿಂದ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ.

ಉಪ್ಪನದು ಹಾರ್ಡ್‌ವೇರ್ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಹೊರಗೆ ದುಡಿದು ಅಂಗಡಿಗೆ ಬಂದೆ. 2018ರ ಅಕ್ಟೋಬರ್‌ನಲ್ಲಿ ಒಬ್ಬ ಏಜೆಂಟರ ಗುಂಪಿನ ಜೊತೆ ಮೊದಲ ಸಲ ಗ್ವಾಂಗ್‌ಝೌಗೆ ಹೋದೆ. ಹೋದದ್ದು ಸ್ಟೇನ್‌ಲೆಸ್ ಸ್ಟೀಲ್ ಟವರ್ ಬೋಲ್ಟ್, ಹುಕ್ಕು, ಟವೆಲ್ ರಾಡ್ ತರಲು. ಜೇಬಿನಲ್ಲಿ ಒಂದು ಅಯಸ್ಕಾಂತ ಇತ್ತು. ಒಳ್ಳೆಯ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ನನ್ನ ಧೈರ್ಯ. ಸ್ಟಾಲಿನಲ್ಲಿದ್ದ ಬೋಲ್ಟಿಗೆ ಇಟ್ಟು ನೋಡಿದೆ, ಹಿಡಿಯಲಿಲ್ಲ. ದರ ಕೇಳಿದೆ, ನಾವು ಮಂಗಳೂರಿನಲ್ಲಿ ಕೊಡುವುದರ ಅರ್ಧಕ್ಕಿಂತ ಕಡಿಮೆ. ಆರ್ಡರ್ ಕೊಟ್ಟೆ.

304 ಗ್ರೇಡಿನ ಸ್ಟೀಲಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 201 ಗ್ರೇಡಿನಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅದಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ! ಹೊಳಪೂ ಒಂದೇ. ಒಣ ಊರಿನಲ್ಲಿ ಹೇಗೋ ನಡೆಯುತ್ತದೆ. ನಮ್ಮ ಕಡಲ ಕರೆಯ ಉಪ್ಪು ಗಾಳಿಗೆ, ಮಳೆಗೆ ನಡೆಯುವುದಿಲ್ಲ. ಇದನ್ನು ನಾನು ಓದಿದ್ದೆ, ಆದರೆ ದರ ಕೇಳಿದ ಮೇಲೆ ಮರೆತೆ.

ಎರಡನೇ ಮಳೆಗಾಲಕ್ಕೆ ನೆರೆಮನೆಯ ಹಾಜಿಯಾಕ ಅಂಗಡಿಗೆ ಬಂದರು. ಶಾರ್ಜಾದಲ್ಲಿ ದುಡಿದು ಹೊಸ ಮನೆ ಕಟ್ಟಿದವರು, ಬಾಗಿಲು ಕಿಟಕಿಗೆ ಬೇಕಾದದ್ದೆಲ್ಲ ನಮ್ಮಲ್ಲೇ ತೆಗೆದವರು. ತುಕ್ಕು ಹಿಡಿದ ಒಂದು ಬೋಲ್ಟನ್ನು ಉಪ್ಪನ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. "ನಿಮ್ಮ ಮಗ ತಂದದ್ದು ಅಂತ ತೆಗೆದುಕೊಂಡೆ" ಎಂದಷ್ಟೇ ಹೇಳಿದರು. ಉಪ್ಪ ಅವರ ಮನೆಯ ಎಲ್ಲ ಬೋಲ್ಟ್ ಬದಲಿಸಿಕೊಟ್ಟರು, ಬಡಗಿಯ ಕೂಲಿಯನ್ನೂ ಕೊಟ್ಟರು. ಆಮೇಲೆ ಬಂದ ಎಲ್ಲರಿಗೂ ಹಾಗೆಯೇ. ಲಾಭ ಹೋಯಿತು, ಬಂಡವಾಳವೂ ಸ್ವಲ್ಪ ಹೋಯಿತು. ನಲವತ್ತು ವರ್ಷದ ಹೆಸರು ಪೂರ್ತಿ ಹೋಗದಂತೆ ಉಪ್ಪ ಹಿಡಿದರು.

ಊರಿನವರು "ಚೀನಾ ಮಾಲು ಅಲ್ಲವಾ" ಎಂದರು. ನಾನು ಒಪ್ಪುವುದಿಲ್ಲ. ಅದೇ ಮೇಳದಲ್ಲಿ ನಿಜವಾದ 304, ಕಡಲ ತೀರಕ್ಕೆ ಅದಕ್ಕಿಂತ ಒಳ್ಳೆಯದಾದ 316 ಕೂಡ ಇತ್ತು. ಅಲ್ಲಿನವರು ನಾವು ಬರೆದು ಕೊಟ್ಟದ್ದನ್ನು, ನಾವು ಕೊಟ್ಟ ದರಕ್ಕೆ ತಕ್ಕಂತೆ ಮಾಡುತ್ತಾರೆ. ನನ್ನ ಆರ್ಡರಿನಲ್ಲಿ ಗ್ರೇಡ್ ಬರೆದಿರಲಿಲ್ಲ, ತೂಕ ಬರೆದಿರಲಿಲ್ಲ. "ಸ್ಟೇನ್‌ಲೆಸ್ ಸ್ಟೀಲ್" ಎಂದಿತ್ತು. ಬಂದದ್ದೂ ಸ್ಟೇನ್‌ಲೆಸ್ ಸ್ಟೀಲೇ. ತಪ್ಪು ನನ್ನದು.

2024ರ ಏಪ್ರಿಲ್‌ನಲ್ಲಿ ಮತ್ತೆ ಹೋದೆ, ಏಜೆಂಟ್ ಇಲ್ಲದೆ, ಚಿಕ್ಕಪ್ಪನ ಮಗನ ಜೊತೆ. ಈ ಎರಡು ಪ್ರಯಾಣಗಳಿಂದ ಕಲಿತದ್ದನ್ನು ಬರೆಯುತ್ತೇನೆ.

ಮೊದಲು ಊರಿನ ಕೆಲಸ. ಈ ಮೇಳ 1957ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ, ಏಪ್ರಿಲ್ 15ರಿಂದ ಮತ್ತು ಅಕ್ಟೋಬರ್ 15ರಿಂದ. ಪ್ರತಿ ಸಲವೂ ಐದೈದು ದಿನದ ಮೂರು ಹಂತ, ನಡುವೆ ಮೂರು ದಿನ ಬಿಡುವು. ಮೊದಲ ಹಂತದಲ್ಲಿ ಯಂತ್ರ, ಹಾರ್ಡ್‌ವೇರ್, ಎಲೆಕ್ಟ್ರಾನಿಕ್ಸ್. ಎರಡನೆಯದರಲ್ಲಿ ಮನೆ ಸಾಮಾನು, ಗಿಫ್ಟ್, ಪೀಠೋಪಕರಣ. ಮೂರನೆಯದರಲ್ಲಿ ಬಟ್ಟೆ, ಆಟಿಕೆ, ಸ್ಟೇಷನರಿ. ಪಾತ್ರೆ ಅಂಗಡಿಯವರು ಮೊದಲ ಹಂತಕ್ಕೆ ಹೋಗಿ ಯಂತ್ರ ನೋಡಿ ವಾಪಸು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಂತ ನೋಡದೆ ಟಿಕೆಟ್ ಮಾಡಬೇಡಿ.

ನಿಮ್ಮ ಹೆಸರಿನಲ್ಲಿ ಆಮದು-ರಫ್ತು ಕೋಡ್, ಅಂದರೆ ಐಇಸಿ, ಇರಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ದೊಡ್ಡ ಖರ್ಚಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ಮಾಲಿಗೆ ಬಿಐಎಸ್ ಮುದ್ರೆ ಕಡ್ಡಾಯವೇ ಎಂದು ತಿಳಿಯುವುದು. ಆಟಿಕೆಗೆ 2021ರ ಜನವರಿ 1ರಿಂದ ಕಡ್ಡಾಯ. ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್ ಹೀಗೆ ಪಟ್ಟಿ ಉದ್ದ ಇದೆ, ಆಗಾಗ ಬದಲಾಗುತ್ತದೆ. ಆ ಪರವಾನಗಿ ಅಲ್ಲಿನ ಕಾರ್ಖಾನೆಯ ಬಳಿ ಇರಬೇಕು, ನೀವು ಇಲ್ಲಿ ಬಂದು ಅಂಟಿಸುವುದಲ್ಲ. ಇಲ್ಲದಿದ್ದರೆ ಮಾಲು ಬಂದರಿನಲ್ಲಿ ನಿಲ್ಲುತ್ತದೆ, ದಿನಕ್ಕಿಷ್ಟು ಎಂದು ಬಾಡಿಗೆ ಏರುತ್ತದೆ. ಹೋಗುವ ಮೊದಲೇ ಕೊಚ್ಚಿಯಲ್ಲೋ ಮಂಗಳೂರಿನಲ್ಲೋ ಒಬ್ಬ ಕ್ಲಿಯರಿಂಗ್ ಏಜೆಂಟರ ಹತ್ತಿರ ಕೂತು ಸುಂಕ, ಜಿಎಸ್‌ಟಿ, ಬಿಐಎಸ್ ಮೂರನ್ನೂ ಲೆಕ್ಕ ಹಾಕಿಸಿ. ಆ ಲೆಕ್ಕ ಮುಗಿದಾಗ ಕೆಲವರಿಗೆ ಚೀನಾಕ್ಕೆ ಹೋಗುವುದೇ ಬೇಡ ಎನಿಸಬಹುದು. ಹಾಗಾದರೆ ಟಿಕೆಟ್ ದುಡ್ಡು ಉಳಿಯಿತು.

ವೀಸಾ 'ಎಂ' ವರ್ಗದ್ದು, ವ್ಯಾಪಾರಕ್ಕೆ. ಮೇಳದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಆಹ್ವಾನ ಪತ್ರ ಸಿಗುತ್ತದೆ. ಆಹ್ವಾನ ಮಾಡಿಕೊಡುತ್ತೇನೆ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತದಿಂದ ಗ್ವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾಯಿತು, ನವೆಂಬರ್‌ನಲ್ಲಿ ದೆಹಲಿಯಿಂದಲೂ. ನಮಗೆ ಕೊಚ್ಚಿಯಿಂದ ಕೌಲಾಲಂಪುರ ದಾರಿ ಈಗಲೂ ಅನುಕೂಲ.

ಅಲ್ಲಿ ಇಳಿದ ಮೇಲೆ ಮೊದಲ ಕಷ್ಟ ಫೋನಿನದ್ದು. ಅಲ್ಲಿನ ಸಿಮ್ ಅಥವಾ ಹೋಟೆಲ್ ವೈಫೈಯಲ್ಲಿ ವಾಟ್ಸಾಪ್, ಗೂಗಲ್ ಬರುವುದಿಲ್ಲ. ನಮ್ಮೂರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿದರೆ ಬರುತ್ತದೆ. ಬ್ಯಾಂಕಿನ ಒಟಿಪಿಗೂ ಅದೇ ಸಿಮ್ ಬೇಕು. 2018ರಲ್ಲಿ ನೋಟು ಎಣಿಸಿ ಕೊಟ್ಟಿದ್ದೆ, 2024ರಲ್ಲಿ ಚಹಾ ಅಂಗಡಿಯವನೂ ಕ್ಯುಆರ್ ತೋರಿಸಿದ. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಅಲಿಪೇ, ವಿಚಾಟ್ ಎರಡನ್ನೂ ಊರಲ್ಲೇ ಹಾಕಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಬ್ಯಾಂಕಿಗೆ ಹೇಳಿ ವಿದೇಶಿ ವ್ಯವಹಾರ ತೆರೆಸಿ. ಸ್ವಲ್ಪ ಯುವಾನ್ ನೋಟೂ ಇರಲಿ. ವಿಚಾಟ್ ಇಲ್ಲದಿದ್ದರೆ ವ್ಯಾಪಾರವೇ ಇಲ್ಲ, ಅಲ್ಲಿಯವರ ಮಾತುಕತೆ ಎಲ್ಲ ಅದರಲ್ಲೇ.

ಮೇಳದ ಸಮಯ ಹೋಟೆಲ್ ದರ ಏರುತ್ತದೆ, ಬೇಗ ಕಾದಿರಿಸಿ. ಮೇಳದ ಜಾಗ ಪಝೌ. ವಿಮಾನ ನಿಲ್ದಾಣದಿಂದ ಮೆಟ್ರೋ 3ನೇ ಲೈನ್ ಹತ್ತಿ, ಕೆಚುನ್‌ನಲ್ಲಿ 8ನೇ ಲೈನಿಗೆ ಬದಲಿಸಿದರೆ ಅಲ್ಲಿಗೇ ತಲುಪುತ್ತೀರಿ. ಪರಿಚಯದವರ ಮನೆಯಲ್ಲಿ ಉಳಿಯುವುದಾದರೆ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಒಳನಾಡಿನ ವಿಮಾನ ಹತ್ತುವವರು ಗಮನಿಸಿ: 2025ರ ಜೂನ್ 28ರಿಂದ ಚೀನಾದ 3ಸಿ ಮುದ್ರೆ ಇಲ್ಲದ ಪವರ್ ಬ್ಯಾಂಕ್ ಒಯ್ಯಲು ಬಿಡುವುದಿಲ್ಲ.

ಊಟದ ಬಗ್ಗೆ ಉಮ್ಮಂದಿರು ಹೆದರಬೇಕಿಲ್ಲ, ಅವಲಕ್ಕಿ ಉಪ್ಪಿನಕಾಯಿ ಕಟ್ಟಿ ಕೊಡುವುದೂ ಬೇಕಿಲ್ಲ. ಹಲಾಲ್‌ಗೆ ಅಲ್ಲಿ 'ಚಿಂಗ್‌ಜೆನ್' ಎನ್ನುತ್ತಾರೆ. ಆ ಪದವನ್ನು ಚೀನಿ ಅಕ್ಷರದಲ್ಲಿ ಫೋನಿನಲ್ಲಿ ಉಳಿಸಿಕೊಂಡು ಬೋರ್ಡಿಗೆ ಹೋಲಿಸಿ ನೋಡಿ. ಲಾಂಝೌ ಬೀಫ್ ನೂಡಲ್ಸ್ ಮಾಡುವ ಸಣ್ಣ ಅಂಗಡಿಗಳು ಊರ ತುಂಬ ಇವೆ, ಹೆಚ್ಚಾಗಿ ಅಲ್ಲಿನ ಮುಸ್ಲಿಮರೇ ನಡೆಸುತ್ತಾರೆ. ಶಿಯಾವ್‌ಬೇ ಎಂಬಲ್ಲಿ ಅರಬ್ಬರ, ತುರ್ಕಿಯವರ ಹೋಟೆಲುಗಳಿವೆ. ಗ್ವಾಂಗ್‌ತಾ ರಸ್ತೆಯ ಹುವಾಯ್‌ಶೆಂಗ್ ಮಸೀದಿ ಚೀನಾದ ಅತಿ ಹಳೆಯ ಮಸೀದಿಗಳಲ್ಲಿ ಒಂದು. ಜುಮುಅಕ್ಕೆ ಹೋದರೆ ಹತ್ತಾರು ದೇಶದ ವ್ಯಾಪಾರಿಗಳು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಇನ್ನು ಮೇಳದ ಒಳಗೆ. ಅದು 15 ಲಕ್ಷ ಚದರ ಮೀಟರ್ ಜಾಗ. ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿ. ವಿಸಿಟಿಂಗ್ ಕಾರ್ಡ್ ಕಟ್ಟು ಇರಲಿ. ಮೊದಲ ದಿನ ಏನೂ ಖರೀದಿಸಬೇಡಿ. ಸುತ್ತಾಡಿ, ದರ ಬರೆದುಕೊಳ್ಳಿ, ಯಾವ ಸ್ಟಾಲಿನದ್ದು ಎಂದು ತಿಳಿಯಲು ಕಾರ್ಡಿನ ಜೊತೆ ಮಾಲಿನ ಫೋಟೋ ತೆಗೆಯಿರಿ. ನಾನು ಎರಡನೇ ಸಲ ವರ್ನಿಯರ್ ಕ್ಯಾಲಿಪರ್ ಮತ್ತು ಸಣ್ಣ ತಕ್ಕಡಿ ಒಯ್ದಿದ್ದೆ. ದಪ್ಪ ಅಳೆದು, ತೂಕ ನೋಡಿ ಎದುರಲ್ಲೇ ಬರೆದುಕೊಂಡೆ. ಮಾರುವವರ ಮಾತಿನ ಧಾಟಿಯೇ ಬದಲಾಯಿತು. ಕಾರ್ಖಾನೆ ನಿಮ್ಮದೇ ಅಥವಾ ಮಧ್ಯವರ್ತಿಗಳೇ ಎಂದು ಕೇಳಿ, ಬಿಸಿನೆಸ್ ಲೈಸೆನ್ಸ್ ತೋರಿಸಲು ಹೇಳಿ.

ಒಪ್ಪಿದ ಮೇಲೆ ಗ್ರೇಡ್, ದಪ್ಪ, ಒಂದರ ತೂಕ, ಪ್ಯಾಕಿಂಗ್ ಎಲ್ಲವೂ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ ಬರಲಿ. ಎರಡು ಮಾದರಿಗೆ ಇಬ್ಬರೂ ಸಹಿ ಹಾಕಿ, ಒಂದು ಅವರಲ್ಲಿ, ಒಂದು ನಿಮ್ಮಲ್ಲಿ ಇರಲಿ. ಸಾಮಾನ್ಯವಾಗಿ 30 ಶೇಕಡಾ ಮುಂಗಡ, ಉಳಿದ 70 ಮಾಲು ಹಡಗಿಗೆ ಹೋಗುವ ಮೊದಲು. ಆ 70 ಕಳಿಸುವ ಮೊದಲು ಬೇರೆ ತಪಾಸಣೆ ಕಂಪನಿಯಿಂದ ಮಾಲು ನೋಡಿಸಿ. ಲೋಹವಾದರೆ ಗ್ರೇಡನ್ನೂ ಪರೀಕ್ಷಿಸಲು ಹೇಳಿ. ಅದರ ಖರ್ಚು ನಾನು ಬದಲಿಸಿಕೊಟ್ಟ ಬೋಲ್ಟಿನ ಮುಂದೆ ಏನೂ ಅಲ್ಲ.

ಹಣವನ್ನು ಬ್ಯಾಂಕ್ ಮೂಲಕ, ಕಂಪನಿಯ ಹೆಸರಿನ ಖಾತೆಗೇ ಕಳಿಸಿ. "ನಮ್ಮ ಖಾತೆ ಬದಲಾಗಿದೆ" ಎಂದು ಮೇಲ್ ಬಂದರೆ ವಿಡಿಯೋ ಕಾಲ್ ಮಾಡಿ ಮುಖ ನೋಡಿ ಕೇಳಿ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸುತ್ತೇವೆ, ಉಳಿದದ್ದನ್ನು ಬೇರೆ ದಾರಿಯಲ್ಲಿ ಕೊಡಿ ಎನ್ನುವವರು ಸಿಗುತ್ತಾರೆ. ನಮ್ಮವರಲ್ಲಿ ಕೆಲವರು ಇದನ್ನು ಜಾಣತನ ಎಂದುಕೊಂಡಿದ್ದಾರೆ. ಅದು ಮೋಸ. ಸಿಕ್ಕಿಬಿದ್ದರೆ ಮಾಲೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಸಿಕ್ಕಿಬೀಳದಿದ್ದರೂ ಹಲಾಲ್ ಊಟ ಹುಡುಕಿಕೊಂಡು ಹೋದವರು ಹಣದ ವಿಷಯಕ್ಕೆ ಬಂದಾಗ ಅದನ್ನು ಮರೆಯುವುದು ಹೇಗೆ?

ಸಣ್ಣ ಬಂಡವಾಳದವರಿಗೆ ಇನ್ನೊಂದು ಮಾತು. ಒಬ್ಬೊಬ್ಬರೇ ಹೋಗಬೇಡಿ. 20 ಅಡಿಯ ಕಂಟೇನರಿನಲ್ಲಿ ಸುಮಾರು 28 ಘನ ಮೀಟರ್ ಮಾಲು ಹಿಡಿಯುತ್ತದೆ, ಒಬ್ಬ ಸಣ್ಣ ಅಂಗಡಿಯವ ತುಂಬಿಸಲಾರ. ಮೂರು ನಾಲ್ಕು ಅಂಗಡಿಯವರು ಒಟ್ಟು ಸೇರಿ. ಇಂಗ್ಲಿಷ್ ಮಾತಾಡುವ ಒಬ್ಬ, ಮಾಲು ಪರೀಕ್ಷಿಸಲು ಗೊತ್ತಿರುವ ಒಬ್ಬ, ಲೆಕ್ಕ ಇಡುವ ಒಬ್ಬ ಇರಲಿ. ಬಟ್ಟೆ, ಹಿಜಾಬ್ ವ್ಯಾಪಾರ ಮನೆಯಿಂದಲೇ ನಡೆಸುವ ನಮ್ಮ ತಂಗಿಯರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಬಟ್ಟೆಯ ಹಂತಕ್ಕೆ ಗಂಡನನ್ನೋ ಅಣ್ಣನನ್ನೋ ಮಾತ್ರ ಕಳಿಸುವುದು ಯಾಕೆ? ಬಟ್ಟೆ ಮುಟ್ಟಿ ನೋಡಿದರೆ ಗುಣ ಹೇಳುವವರು ಅವರು. ಅವರೂ ಹೋಗಲಿ.

ಬ್ಯಾರಿ ಎಂಬ ಹೆಸರೇ ಬ್ಯಾರ, ಅಂದರೆ ವ್ಯಾಪಾರ ಎಂಬುದರಿಂದ ಬಂತು ಎನ್ನುವವರಿದ್ದಾರೆ. ಅಜ್ಜಂದಿರು ಕಾಳುಮೆಣಸನ್ನು ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿ ದರ ಹೇಳುತ್ತಿದ್ದರಂತೆ. ನಾವು ಮಾತ್ರ ಅಷ್ಟು ದೂರ ಹೋಗಿ ದರ ಕೇಳಿ ಆಮೇಲೆ ಮಾಲು ನೋಡುತ್ತೇವೆ.

ಎರಡನೇ ಸಲ ತಂದ ಬೋಲ್ಟ್‌ಗಳು ಮಳೆಗಾಲ ಕಳೆದರೂ ಹಾಗೇ ಇವೆ. ಹಾಜಿಯಾಕ ಮತ್ತೆ ನಮ್ಮಲ್ಲಿಗೇ ಬರುತ್ತಾರೆ. ಹಳೆಯ ತುಕ್ಕಿನ ಬೋಲ್ಟನ್ನು ಉಪ್ಪ ಎಸೆದಿಲ್ಲ, ಗಲ್ಲಾದ ಒಳಗೆ ಇಟ್ಟಿದ್ದಾರೆ. ಯಾರಿಗಾದರೂ ಹೋಗುವ ಯೋಚನೆ ಇದ್ದರೆ, ಟಿಕೆಟ್ ಮಾಡುವ ಮೊದಲು ಅಂಗಡಿಗೆ ಬನ್ನಿ. ಚಹಾ ಕುಡಿಯೋಣ, ಅದನ್ನೂ ತೋರಿಸುತ್ತೇನೆ.