ಡ್ರೋನ್‌ಗೆ ಕಾಣದ ಮಂಜರಾಬಾದ್

ಮೂಡಿಗೆರೆ ಕಡೆ ಕಾಫಿ ಬೆಳೆಯುವ ನನಗೆ ಮಂಗಳೂರಿಗೆ ಹೋಗಿಬರುವುದು ಹೊಸದಲ್ಲ. ಸಕಲೇಶಪುರ ದಾಟಿ ದೋಣಿಗಲ್ಲಿನ ಹತ್ತಿರ ಎಷ್ಟು ಸಲ ಹಾದುಹೋದರೂ ಮಂಜರಾಬಾದ್ ಕೋಟೆಗೆ ಹತ್ತಿದವನಲ್ಲ. ಈ ಮಳೆಗಾಲ ಮೊಮ್ಮಗ ಹಟ ಹಿಡಿದ. ಮೊಬೈಲಿನಲ್ಲಿ ಮೇಲಿಂದ ತೆಗೆದ ಚಿತ್ರ ನೋಡಿದ್ದನಂತೆ: ಎಂಟು ಮೂಲೆಯ ನಕ್ಷತ್ರ.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ನಕ್ಷತ್ರ ಮಾಯ. ಹತ್ತು ಮಾರು ಆಚೆ ಬರೀ ಮಂಜು. "ಅಜ್ಜ, ಎಲ್ಲಿ ಸ್ಟಾರು?" ಎಂದ ಹುಡುಗ. ಅವನ ಮೊಣಕಾಲಿಗೆ ಹತ್ತಿದ ಉಂಬಳ ಕಿತ್ತುಹಾಕಿ, ಗೋಡೆಯ ಬಂದೂಕಿನ ಕಂಡಿಯ ಮುಂದೆ ಕೂರಿಸಿದೆ. ಒಳಗಡೆ ಮೊಣಕೈ ಊರುವಷ್ಟು ಅಗಲ, ಹೊರಕ್ಕೆ ಹೋದಂತೆ ಕಿರಿದು. ಮಂಜು ಸರಿದಾಗ ಕೆಳಗಿನ ಇಳಿಜಾರು ಅಲ್ಲಿಂದ ಕಂಡಿತು. ಗೋಡೆ ಯಾಕೆ ಹಾಗೆ ಮುರಿದು ಮುರಿದು ಸಾಗುತ್ತದೆಂದು ಅವನಿಗೆ ಆಗ ಹೊಳೆಯಿತು: ಒಂದು ಮೂಲೆಯ ಬುಡಕ್ಕೆ ಬಂದವನನ್ನು ಇನ್ನೊಂದು ಮೂಲೆಯವನು ಹೊಡೆಯಬಹುದು.

ಟಿಪ್ಪು ಇದನ್ನು ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ್ದು 1792ರ ಸುಮಾರಿಗೆ, ಕರಾವಳಿಯಿಂದ ಘಟ್ಟ ಹತ್ತುವ ದಾರಿಯ ಮೇಲೆ ಕಣ್ಣಿಡಲು. 1799ರಲ್ಲಿ ಅವನು ಸತ್ತ. ಇಂಗ್ಲಿಷರಿಗೂ ಬೇಕಿದ್ದದ್ದು ಅದೇ ದಾರಿ. ಈ ಭಾಗ ಸೇರಿದ್ದ ಬಲಂ ಸೀಮೆಯ ಪಾಳೆಯಗಾರ ಅವರಿಗೆ ಬಗ್ಗಲಿಲ್ಲ. 1802ರ ಜನವರಿಯಲ್ಲಿ ಅರೆಕೆರೆಯ ಕಾಡಿನಲ್ಲಿ ಅವನನ್ನು ಸೋಲಿಸಿ, ಫೆಬ್ರವರಿಯಲ್ಲಿ ಹಿಡಿದು ನೇಣಿಗೆ ಹಾಕಿಸಿ, ಊರುಗಳ ಮುಳ್ಳುಬೇಲಿ ಕಡಿಸಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೂ ಅವನೇ. ನಾಲ್ಕು ದಶಕ ಕಳೆಯುವಷ್ಟರಲ್ಲಿ ಈ ಬೆಟ್ಟಗಳಿಗೆ ಬಿಳಿಯರ ಕಾಫಿ ತೋಟಗಳು ಬಂದವು. ಬಾಬಾ ಬುಡನ್ ತಂದ ಬೀಜದ ಕಥೆಯನ್ನು ನಮ್ಮ ಮಕ್ಕಳೆಲ್ಲ ಹೇಳುತ್ತಾರೆ. ಅರೆಕೆರೆಯ ಕಥೆ ಮಾತ್ರ ನಾನು ಕೇಳಿದ್ದು ಅರವತ್ತು ದಾಟಿದ ಮೇಲೆ.

ಕೋಟೆಯ ನಡುವಿನ ಬಾವಿ ಅಡ್ಡ-ಉದ್ದ ಗೆರೆ ಎಳೆದಂತಿದೆ, ನಾಲ್ಕೂ ಕಡೆ ಮೆಟ್ಟಿಲು. ನಾವು ಹೋದ ದಿನ ಅದರಲ್ಲಿ ತೇಲುತ್ತಿದ್ದದ್ದು ಚಿಪ್ಸ್ ಪೊಟ್ಟಣ. ಮದ್ದಿನ ಮನೆಯ ಗೋಡೆಯಲ್ಲಿ ಹೃದಯದೊಳಗೆ ಎರಡು ಹೆಸರು. ಸಿಟ್ಟು ಬಂತು. ಆದರೆ ತಪ್ಪು ಆ ಜೋಡಿಯದ್ದಷ್ಟೇ ಅಲ್ಲ; ಇದು ಬರೀ ಫೋಟೊ ಜಾಗವೆಂದು ಕರೆದವರು ನಾವೇ ತಾನೆ?

ಹೋಂಸ್ಟೇ ನಡೆಸುವ ನಮ್ಮವರಲ್ಲಿ ನನ್ನದೊಂದೇ ಕೋರಿಕೆ. ಅತಿಥಿಗಳನ್ನು ಕೋಟೆಗೆ ಕಳಿಸುವ ಮುನ್ನ, ಬೆಳಗಿನ ಕಾಫಿ ಕೊಡುವಾಗ, ಅರೆಕೆರೆಯ ಸುದ್ದಿ ಐದು ನಿಮಿಷ ಹೇಳಿ. ಮೇಲೆ ಹೋದವರು ಒಂದು ಸಲ ಆ ಕಂಡಿಗೆ ಕಣ್ಣಿಟ್ಟು ನೋಡಿ ಬರಲಿ.