ನೀರು ಎಲ್ಲಿಂದ ಬಂತು ಎಂದು ಕೇಳದೆ ಎಂಜಿನ್ ಬಿಚ್ಚಬೇಡಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ ಬೋಟುಗಳ ಮೇಲೆ ಎರಡು ತಿಂಗಳು ಮಳೆ ಸುರಿಯುತ್ತದೆ. ಆಗಸ್ಟ್ ಬಂತೆಂದರೆ ಡೀಸೆಲ್, ಐಸ್, ಬಲೆ, ಅಕ್ಕಿ ಎಲ್ಲ ಏರಿಸಿ, ದೇವರಿಗೆ ಕೈಮುಗಿದು ಎಂಜಿನ್ ಸ್ಟಾರ್ಟ್ ಮಾಡುತ್ತಾರೆ.

ಅಂಥ ಒಂದು ಬೆಳಿಗ್ಗೆ ಉಡುಪಿ ಜಿಲ್ಲೆಯ ಒಂದು ದಕ್ಕೆಯಲ್ಲಿ ನಾವಿದ್ದೆವು. ಒಂದು ಬೋಟಿನ ಎಂಜಿನ್ ಅರ್ಧ ಸುತ್ತು ತಿರುಗಿ ‘ಠಕ್’ ಎಂದು ನಿಂತಿತು. ಬ್ಯಾಟರಿ ಡೌನ್ ಆಗಿರಬೇಕು ಎಂದರು. ಪಕ್ಕದ ಬೋಟಿನ ಬ್ಯಾಟರಿ ತಂದು ಮತ್ತೆ ತಿರುಗಿಸಿದರು. ಮೂರನೇ ಸಲಕ್ಕೆ ಒಳಗೆ ಏನೋ ಮುರಿದ ಸದ್ದು. ಬಿಚ್ಚಿದರೆ ಎರಡು ಸಿಲಿಂಡರ್‌ಗಳಲ್ಲಿ ನೀರು, ಒಂದು ಕನೆಕ್ಟಿಂಗ್ ರಾಡ್ ಬಾಗಿತ್ತು. ನೀರು ಕಂಡ ತಕ್ಷಣ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬ ತೀರ್ಮಾನವಾಯಿತು. ರಾಡ್ ಜೊತೆ ಗ್ಯಾಸ್ಕೆಟ್ಟೂ ಹೊಸದು ಬಂತು. ಹಳೆಯದನ್ನು ನೋಡಿದರೆ ಅದು ಚೆನ್ನಾಗಿಯೇ ಇತ್ತು. ತಪ್ಪು ಮಾಡಿದ್ದು ಮೇಲಕ್ಕೆ ಬಾಯ್ದೆರೆದು ನಿಂತಿದ್ದ ಹೊಗೆಕೊಳವೆ. ಎರಡು ತಿಂಗಳ ಮಳೆನೀರು ಅದರೊಳಗಿಂದಲೇ ಇಳಿದಿತ್ತು. ಒಂದು ಪೇಂಟಿನ ಡಬ್ಬ ಕವುಚಿದ್ದರೆ ಸಾಕಿತ್ತು.

ಆ ಬೋಟು ವರ್ಷದ ಒಳ್ಳೆಯ ಮೀನಿನ ಎರಡು ವಾರ ದಕ್ಕೆಯಲ್ಲೇ ಕಳೆಯಿತು. ಮಾಲೀಕರಿಗೆ ಸಾಲ. ಪಾಲಿನ ಲೆಕ್ಕದಲ್ಲಿ ದುಡಿಯುವ ಕಲಾಸಿಗಳಿಗೆ ಬೋಟು ಹೋಗದಿದ್ದರೆ ಪಾಲೂ ಇಲ್ಲ.

ನಾವು ಹೇಳುವುದು ಇಷ್ಟೇ: ಎಂಜಿನ್‌ಗೆ ನೀರು ಬಂದರೆ ಮೊದಲು ಕಾರಣ ಹುಡುಕಬೇಕು, ಆಮೇಲೆ ಪಾರ್ಟು ಬದಲಿಸಬೇಕು. ನಮ್ಮ ದಕ್ಕೆಗಳಲ್ಲಿ ಇದು ಉಲ್ಟಾ ನಡೆಯುತ್ತಿದೆ.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಅಲ್ಲಿ ನೀರಿದ್ದರೆ ಜಾಗ ಬಿಡಬೇಕಾದದ್ದು ಕಬ್ಬಿಣ. ಆದ್ದರಿಂದ ತುಂಬಾ ದಿನ ನಿಂತ ಎಂಜಿನ್ ‘ಠಕ್’ ಎಂದರೆ ಎರಡನೇ ಸಲ ಕೀಲಿ ಮುಟ್ಟಬೇಡಿ. ಡೀಸೆಲ್ ಎಂಜಿನ್ ಆದರೆ ಇಂಜೆಕ್ಟರ್, ಔಟ್‌ಬೋರ್ಡ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಇಂಧನ ಬಂದ್ ಮಾಡಿ ಎಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಿ. ನೀರಿದ್ದರೆ ತೂತಿನಿಂದ ಚಿಮ್ಮುತ್ತದೆ, ಮುಖ ದೂರ ಇಡಿ.

ಆಗ ಮೂರು ವಿಷಯ ಬರೆದಿಟ್ಟುಕೊಳ್ಳಿ.

ಒಂದು, ಎಷ್ಟನೇ ಸಿಲಿಂಡರ್? ಪ್ರತಿ ಸಲವೂ ಅದೇ ಸಿಲಿಂಡರ್‌ಗೆ, ಇಲ್ಲವೇ ಅಕ್ಕಪಕ್ಕದ ಎರಡಕ್ಕೆ ನೀರು ಬರುತ್ತಿದ್ದರೆ ಗ್ಯಾಸ್ಕೆಟ್, ಹೆಡ್‌ನ ಬಿರುಕು ಅಥವಾ ಲೈನರ್ ಮೇಲೆ ಅನುಮಾನ ಪಡಬೇಕು. ಒಂದು ಸಲ ಇದಕ್ಕೆ, ಇನ್ನೊಂದು ಸಲ ಅದಕ್ಕೆ ಬಂದರೆ ಬಹುಮಟ್ಟಿಗೆ ಅದು ಹೊಗೆಕೊಳವೆಯ ದಾರಿ. ಎಂಜಿನ್ ನಿಂತಾಗ ಯಾವ ಸಿಲಿಂಡರ್‌ನ ವಾಲ್ವ್ ತೆರೆದಿದೆಯೋ ಅದಕ್ಕೆ ನೀರು ಇಳಿಯುತ್ತದೆ.

ಎರಡು, ಯಾವ ನೀರು? ಬಾಯಿಗೆ ಹಾಕಿ ನೋಡಬೇಡಿ, ಕೂಲೆಂಟ್ ವಿಷ. ನಾಲ್ಕು ಹನಿ ಸ್ಟೀಲ್ ತಟ್ಟೆಯ ಮೇಲೆ ಬಿಟ್ಟು ಒಣಗಿಸಿ. ಬಿಳಿ ಉಪ್ಪು ಉಳಿದರೆ ಸಮುದ್ರದ ನೀರು. ಬಣ್ಣ, ಅಂಟು ಇದ್ದರೆ ಕೂಲೆಂಟ್. ಏನೂ ಉಳಿಯದಿದ್ದರೆ ಮಳೆನೀರು ಇರಬಹುದು. ರೇಡಿಯೇಟರ್‌ಗೆ ಬರೀ ಸಿಹಿನೀರು ಹಾಕುವವರು ಅದನ್ನೂ ಅನುಮಾನಿಸಬೇಕು. ಔಟ್‌ಬೋರ್ಡ್ ತಣಿಯುವುದೇ ಹೊರಗಿನ ನೀರಿನಿಂದ. ಹಾಗಾಗಿ ಅಲ್ಲಿ ಈ ಪರೀಕ್ಷೆಗಿಂತ ಗ್ಯಾಸ್ಕೆಟ್ ಮತ್ತು ಎಕ್ಸಾಸ್ಟ್ ಕವರ್ ಬಿಚ್ಚಿ ಉಪ್ಪು ತಿಂದ ಜಾಗ ಹುಡುಕುವುದೇ ಸರಿ.

ಮೂರು, ಎಣ್ಣೆಯ ಬಣ್ಣ. ಹಾಲು ಹಾಕಿದ ಚಹಾದಂತಿದ್ದರೆ ಎಣ್ಣೆಗೆ ನೀರು ಸೇರಿದೆ. ಆದರೆ ಆಯಿಲ್ ಕೂಲರ್ ತೂತಾದರೂ ಹೀಗೇ ಆಗುತ್ತದೆ, ಆಗ ಸಿಲಿಂಡರ್ ಒಣಗಿಯೇ ಇರಬಹುದು. ಟೂ ಸ್ಟ್ರೋಕ್ ಔಟ್‌ಬೋರ್ಡ್‌ನ ಕೆಳಗಿನ ಗೇರ್ ಆಯಿಲ್ ಬೆಳ್ಳಗಾದರೆ ಅದು ಸೀಲ್ ಹೋದದ್ದು, ಸಿಲಿಂಡರ್‌ಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟಾದ ಮೇಲೂ ಗ್ಯಾಸ್ಕೆಟ್ ಮೇಲೇ ಅನುಮಾನ ಇದ್ದರೆ ಹೆಡ್ ಎತ್ತುವ ಮೊದಲು ಕೂಲಿಂಗ್ ಲೈನ್‌ಗೆ ಪ್ರೆಶರ್ ಹಾಕಿ ರಾತ್ರಿಯಿಡೀ ಬಿಟ್ಟು ನೋಡಲು ಹೇಳಿ. ಮುಳ್ಳು ಇಳಿದರೆ, ಹೊರಗೆಲ್ಲೂ ಸೋರದಿದ್ದರೆ, ಒಳಗೆ ಸೋರಿಕೆ ಇದೆ.

ಇನ್ನೊಂದು ತಪ್ಪನ್ನು ನಾವೇ ಮಾಡುತ್ತೇವೆ. ಹೊಗೆಯ ಜೊತೆ ಸಮುದ್ರದ ನೀರನ್ನೂ ಹೊರಬಿಡುವ ಎಂಜಿನ್‌ಗಳಲ್ಲಿ, ಸ್ಟಾರ್ಟ್ ಆಗಲಿಲ್ಲ ಎಂದು ಬಿಡದೆ ತಿರುಗಿಸುತ್ತ ಹೋದರೆ ಪಂಪು ನೀರು ತುಂಬುತ್ತಲೇ ಇರುತ್ತದೆ. ಅದನ್ನು ಹೊರಗೆ ದೂಡಲು ಹೊಗೆ ಇರುವುದಿಲ್ಲ. ಆ ನೀರು ಹಿಂದಕ್ಕೆ ಸಿಲಿಂಡರ್‌ಗೇ ಬರುತ್ತದೆ. ಅಂಥ ಹೊತ್ತಿನಲ್ಲಿ ಕಡಲ ನೀರಿನ ವಾಲ್ವ್ ಬಂದ್ ಮಾಡಿ. ಎಂಜಿನ್ ಹೊತ್ತಿಕೊಂಡ ಕೂಡಲೇ ತೆರೆಯಲು ಮರೆಯಬೇಡಿ.

ದೋಷವೆಲ್ಲ ಮೆಕ್ಯಾನಿಕ್‌ಗಳದ್ದೇ ಎಂದು ನಾವು ಹೇಳುತ್ತಿಲ್ಲ. ಉಪ್ಪುನೀರಿನಲ್ಲಿ ಮೊಣಕೈ ಮುಳುಗಿಸಿ ಕೆಲಸ ಮಾಡುವ ಅವರ ಅನುಭವ ದೊಡ್ಡದು. ಆದರೆ ಆಗಸ್ಟ್ ಮೊದಲ ವಾರ ಹತ್ತು ಬೋಟಿನವರು ಒಟ್ಟಿಗೆ ಕರೆದು ‘ಇವತ್ತೇ ಸ್ಟಾರ್ಟ್ ಮಾಡಿ ಕೊಡಿ’ ಎಂದರೆ ಕಾರಣ ಹುಡುಕಲು ಅವರಿಗೆ ಸಮಯ ಎಲ್ಲಿದೆ? ಕಾರಣ ಹುಡುಕಿದ್ದಕ್ಕೆ ನಾವು ಮಜೂರಿ ಕೊಡುವುದಿಲ್ಲ, ಪಾರ್ಟು ಬದಲಿಸಿದರೆ ಮಾತ್ರ ಕೊಡುತ್ತೇವೆ. ಹಾಗಾಗಿ ಅವರೂ ಪಾರ್ಟು ಬದಲಿಸುತ್ತಾರೆ.

ಇದು ಬದಲಾಗಬೇಕು. ಜುಲೈ ಕೊನೆಯ ವಾರವೇ ಎಂಜಿನ್ ಕೈಯಲ್ಲಿ ತಿರುಗಿಸಿ ನೋಡಿ. ಪರೀಕ್ಷೆಗೂ ಮಜೂರಿ ಕೊಡಿ. ಬಿಲ್ಲಿನಲ್ಲಿ ‘ನೀರು ಬಂದದ್ದು ಇಲ್ಲಿಂದ’ ಎಂದು ಒಂದು ಸಾಲು ಬರೆಸಿಕೊಳ್ಳಿ. ಮೀನುಗಾರರ ಸಹಕಾರ ಸಂಘಗಳು ಒಂದು ಕಂಪ್ರೆಶನ್ ಗೇಜ್, ಒಂದು ಪ್ರೆಶರ್ ಪಂಪ್ ಖರೀದಿಸಿ ಸದಸ್ಯರಿಗೆ ಬಾಡಿಗೆಗೆ ಕೊಡಲಿ. ಒಂದು ಬೋಟಿನ ಒಂದು ಟ್ರಿಪ್ಪಿನ ಡೀಸೆಲ್ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ನೀರು ಹೊರಗೆ ಹೋದ ದಿನವೇ ಎಣ್ಣೆ ಬದಲಿಸಿ, ಸಿಲಿಂಡರ್‌ಗೆ ಎಣ್ಣೆ ಸವರಿ, ಕಾರಣ ಸರಿಪಡಿಸಿ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ. ಉಪ್ಪುನೀರು ಒಂದು ರಾತ್ರಿ ಉಳಿದರೂ ರಿಂಗ್ ತುಕ್ಕು ಹಿಡಿಯುತ್ತದೆ.

ಕಡಲ ಮಧ್ಯೆ ಎಂಜಿನ್ ನಿಂತರೆ ಕೇಳಲು ಯಾರೂ ಇರುವುದಿಲ್ಲ. ಕೇಳಬೇಕಾದದ್ದನ್ನು ದಕ್ಕೆಯಲ್ಲೇ ಕೇಳಿ: ಈ ನೀರು ಎಲ್ಲಿಂದ ಬಂತು?